ಗೋಡೆ ಮೇಲೊಂದು ಕುದುರೆ, ಅಟ್ಟದ ಮೇಲೊಂದು ಮೂಟೆ

ಹೊಸ ಫ್ಲಾಟಿನ ಕೀ ಕೈಗೆ ಬಂದ ವಾರದಲ್ಲೇ ಇಂಟೀರಿಯರ್‌ನವರು ಬಂದು, ಇನ್ನೂ ಸಿಮೆಂಟ್ ವಾಸನೆ ಹೋಗದ ಹಾಲ್‌ನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಲ್ಯಾಪ್‌ಟಾಪ್ ತೆರೆದರು. "ಮೇಡಂ, ಈಗ ಮೂರು ಥೀಮ್ ಚೆನ್ನಾಗಿ ಓಡ್ತಾ ಇದೆ" ಅಂದರು. ಮೊದಲನೆಯದು ಎಲ್ಲ ಬಿಳಿ. ನಮ್ಮ ಮೂರು ವರ್ಷದ ಮಗನ ಕೈಯಲ್ಲಿ ಸದಾ ಸ್ಕೆಚ್ ಪೆನ್ ಇರೋದರಿಂದ ಅದನ್ನು ನೋಡುವ ಮೊದಲೇ ಬೇಡ ಅಂದೆ. ಎರಡನೆಯದು ಎಲ್ಲೆಲ್ಲೂ ಬಿದಿರು, ಎಲ್ಲೆಲ್ಲೂ ಗಿಡ. ಮೂರನೆಯದನ್ನು ತೆರೆದಾಗ ನಾನೂ ನನ್ನ ಗಂಡನೂ ಸ್ವಲ್ಪ ಮುಂದಕ್ಕೆ ಬಗ್ಗಿದೆವು. ಕಂದು ಬಣ್ಣದ ಚರ್ಮದ ಸೋಫಾ, ಕಡು ಮರದ ಕಪಾಟು, ಹಿತ್ತಾಳೆಯ ಹಿಡಿಕೆಗಳು, ಗೋಡೆ ಮೇಲೆ ಒಂದು ಇಂಗ್ಲಿಷ್ ಜೀನು, ಪಕ್ಕದಲ್ಲಿ ಕಪ್ಪು ಬಿಳುಪಿನ ಕುದುರೆಯ ದೊಡ್ಡ ಚಿತ್ರ. "ಈಕ್ವೆಸ್ಟ್ರಿಯನ್ ಸ್ಟೈಲ್ ಮೇಡಂ. ಕುದುರೆ ಥೀಮ್. ತುಂಬಾ ಕ್ಲಾಸಿ."

ಕ್ಲಾಸಿ ಅನ್ನೋದರಲ್ಲಿ ಅನುಮಾನ ಇರಲಿಲ್ಲ. ರಾತ್ರಿ ಕೊಟೇಶನ್ ಮೇಲ್‌ನಲ್ಲಿ ಬಂತು. ಆ ಒಂದು ಗೋಡೆಗೇ 1 ಲಕ್ಷ 40 ಸಾವಿರ. ನಾನು ಎಕ್ಸೆಲ್ ಶೀಟ್ ಮಾಡಿ ಒಂದೊಂದೇ ಸಾಲು ನೋಡಿದೆ, ಅದು ನಮ್ಮ ಕಸುಬಿನ ಅಭ್ಯಾಸ. ಅದರಲ್ಲೊಂದು ಸಾಲು: 'ವಿಂಟೇಜ್ ಲುಕ್ ಲಗಾಮು ಮತ್ತು ಲಾಳ, ಅಲಂಕಾರಕ್ಕೆ, 18,500 ರೂಪಾಯಿ'.

ಆ ಸಾಲಿನಲ್ಲಿ ನನ್ನ ಕಣ್ಣು ನಿಂತುಹೋಯಿತು. ಯಾಕೆಂದರೆ ಮೈಸೂರಿನ ನಮ್ಮ ಮನೆಯ ಅಟ್ಟದ ಮೇಲೆ ಒಂದು ಗೋಣಿಮೂಟೆ ಇದೆ. ಅದರೊಳಗೆ ಲುಕ್ ಅಲ್ಲದ, ನಿಜವಾದ ಲಗಾಮು ಇದೆ, ಲಾಳ ಇದೆ. ನಮ್ಮ ತಾತ ಮೈಸೂರಿನಲ್ಲಿ ಜಟಕಾ ಓಡಿಸುತ್ತಿದ್ದರು.

ಖುಷಿಯಿಂದ ಅಪ್ಪನಿಗೆ ಫೋನ್ ಮಾಡಿದೆ. ವಿಷಯ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ.

"ಆ ವಾಸನೆಯಿಂದ ಆಚೆ ಬರೋಕೆ ನನಗೆ ಮೂವತ್ತು ವರ್ಷ ಹಿಡೀತು ಕಣಮ್ಮ. ನೀನು ಸಾಲ ಮಾಡಿ ಮನೆ ತಗೊಂಡು, ಅದರೊಳಗೆ ಮತ್ತೆ ಕುದುರೆ ಕಟ್ಟತೀಯಾ?"

ಇಷ್ಟು ಹೇಳಿ ಫೋನ್ ಅಮ್ಮನ ಕೈಗೆ ಕೊಟ್ಟರು. ಅಮ್ಮ ಗ್ಯಾಸ್ ಕನೆಕ್ಷನ್ ಬಂತಾ ಅಂತ ಕೇಳಿದರು.

ಕುದುರೆ ಶೈಲಿಯಲ್ಲಿ ಮನೆ ಸಿಂಗರಿಸೋದು ಹೇಗೆ ಅಂತ ಬರೆಯೋಕೆ ಹೊರಟವಳು ಇದನ್ನೆಲ್ಲ ಯಾಕೆ ಹೇಳ್ತಿದ್ದಾಳೆ ಅಂದುಕೊಳ್ಳಬೇಡಿ. ಮುಂದಿನ ನಾಲ್ಕು ತಿಂಗಳು ನಮ್ಮ ಮನೆಗೆ ಯಾವ ವಸ್ತು ಬರಬೇಕು, ಯಾವುದು ಬೇಡ ಅನ್ನೋದೆಲ್ಲ ಆ ಫೋನ್ ಕರೆಯಿಂದಲೇ ತೀರ್ಮಾನವಾಯಿತು.

ಮೊದಲು ಈ ಶೈಲಿ ಎಲ್ಲಿಂದ ಬಂತು ಅಂತ ಹುಡುಕಿದೆ. ಮೂಲ ಯುರೋಪಿನದು. ಅಲ್ಲಿ ಹಣವಂತರ ಮನೆಯ ಹಿಂದೆ ಕುದುರೆ ಲಾಯ, ಲಾಯದ ಪಕ್ಕ ಜೀನು ಲಗಾಮು ಇಡೋಕೆ ಒಂದು ಕೋಣೆ. ಚರ್ಮ, ಮರ, ಹಿತ್ತಾಳೆ, ಚೌಕುಳಿ ಉಣ್ಣೆ ಬಟ್ಟೆ ಎಲ್ಲ ಆ ಕೋಣೆಯಲ್ಲಿ ಇರುತ್ತಿದ್ದದ್ದೇ. ಕಾಲ ಕಳೆದಂತೆ ಅವು ಹಾಲ್‌ಗೆ ಬಂದವು. ಚರ್ಮದ ಕೆಲಸದವರೂ ಅವುಗಳ ಜೊತೆಗೇ ಮೇಲಕ್ಕೆ ಬಂದರು. ಇವತ್ತು ಲಕ್ಷಗಟ್ಟಲೆ ಬೆಲೆಯ ಕೈಚೀಲ ಮಾರುವ ಪ್ಯಾರಿಸ್ಸಿನ ಎರ್ಮೆಸ್ ಕಂಪನಿ 1837ರಲ್ಲಿ ಶುರುವಾದದ್ದು ಕುದುರೆ ಸಾಮಾನು ಹೊಲಿಯುವ ಕಾರ್ಖಾನೆಯಾಗಿ. ಇಟಲಿಯ ಗುಚ್ಚಿಯವರು 1953ರಲ್ಲಿ ಶೂ ಮೇಲೆ ಕಡಿವಾಣದ ಆಕಾರದ ಲೋಹದ ತುಂಡೊಂದನ್ನು ಕೂರಿಸಿದರು, ಅದು ಇವತ್ತಿಗೂ ಮಾರಾಟವಾಗ್ತಿದೆ. ಎರ್ಮೆಸ್‌ನ ಲಾಂಛನ ನೋಡಿ, ಒಂದು ಕುದುರೆ, ಹಿಂದೆ ಗಾಡಿ, ಮುಂದೆ ಒಬ್ಬ ಮನುಷ್ಯ.

ನಮ್ಮಪ್ಪ ಶಾಲೆಯಲ್ಲಿ 'ತಂದೆಯ ಉದ್ಯೋಗ' ಅನ್ನೋ ಕಡೆ 'ವ್ಯಾಪಾರ' ಅಂತ ಬರೆಯುತ್ತಿದ್ದರಂತೆ. ಇದನ್ನು ನನಗೆ ಹೇಳಿದ್ದು ಅತ್ತೆ, ಅಂದರೆ ಅಪ್ಪನ ಅಕ್ಕ. ಅಪ್ಪ ಯಾವತ್ತೂ ಹೇಳಿಲ್ಲ.

ಇರಲಿ. ಆ ಯುರೋಪಿನ ಕೋಣೆಯನ್ನು ಹಾಗೇ ಎತ್ತಿ ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲಾಟಿಗೆ ತಂದಿಟ್ಟರೆ ಏನಾಗುತ್ತೆ? ನಮ್ಮ ಹಾಲ್ 11 ಅಡಿಗೆ 16 ಅಡಿ. ಗೋಡೆಗೆ ಕಡು ಕಂದು ಬಳಿದರೆ ಹಗಲಲ್ಲೂ ಲೈಟ್ ಹಾಕಬೇಕು. ನಿಜವಾದ ಚರ್ಮದ ಸೋಫಾಕ್ಕೆ ಮಳೆಗಾಲದಲ್ಲಿ ಬೂಷ್ಟು, ಬೇಸಿಗೆಯಲ್ಲಿ ತೊಡೆಗೆ ಅಂಟು. ಕೃತಕ ಚರ್ಮವಾದರೆ ಕೆಲವು ವರ್ಷದಲ್ಲೇ ಹಪ್ಪಳದ ಥರ ಸಿಪ್ಪೆ ಏಳುತ್ತೆ. ನಮ್ಮ ಆಫೀಸಿನ ಕುರ್ಚಿಗಳನ್ನು ನೋಡಿ ಕಲಿತ ಪಾಠ ಇದು. ಹಾಗಾಗಿ ಸೋಫಾಕ್ಕೆ ದಪ್ಪ ಹತ್ತಿ ಬಟ್ಟೆ ಹಾಕಿಸಿ, ಬಣ್ಣ ಮಾತ್ರ ಜೀನಿನದ್ದು ಇಟ್ಟುಕೊಂಡೆವು: ಬೆಲ್ಲದ ಕಂದು. ಗೋಡೆಗಳು ತಿಳಿ ಗೋಧಿ ಬಣ್ಣ. ಚೌಕುಳಿ ಉಣ್ಣೆಯ ಹೊದಿಕೆ ಬದಲು ಚಳ್ಳಕೆರೆ ಕಡೆಯ ಕರಿ ಕಂಬಳಿ ಒಂದನ್ನು ಸೋಫಾದ ಬೆನ್ನಿಗೆ ಹಾಕಿದೆವು. ಮೊದಲ ತಿಂಗಳು ಸ್ವಲ್ಪ ಚುಚ್ಚುತ್ತೆ, ಆಮೇಲೆ ಮೆತ್ತಗಾಗುತ್ತೆ. ಕಪಾಟುಗಳ ಹಿಡಿಕೆ ಮಾತ್ರ ಹಿತ್ತಾಳೆಯದು. ಇಷ್ಟಕ್ಕೇ ಆ ಶೈಲಿಯ ಅರ್ಧ ಕೆಲಸ ಮುಗಿದಿತ್ತು, ಒಂದು ಕುದುರೆಯೂ ಇನ್ನೂ ಮನೆಯೊಳಗೆ ಬಂದಿರಲಿಲ್ಲ.

ಏಳು ಕುದುರೆಯ ಒತ್ತಡ

ಬಂದದ್ದು ಅಂದರೆ ಸಲಹೆಗಳು. ಹೊಸ ಮನೆ ಅಂದ ಕೂಡಲೇ ನೆಂಟರಲ್ಲಿ ಮೂರು ಜನ ಏಳು ಕುದುರೆಯ ಚಿತ್ರ ಉಡುಗೊರೆ ಕೊಡ್ತೀವಿ ಅಂದರು. ನೀವೂ ನೋಡಿರ್ತೀರಿ: ಸಮುದ್ರದ ದಡದಲ್ಲಿ ನೊರೆ ಹಾರಿಸ್ತಾ ಓಡಿ ಬರೋ ಏಳು ಬಿಳಿ ಕುದುರೆ. ಅಂಗಡಿಯವರನ್ನು ಕೇಳಿದರೆ ನಿಯಮಗಳ ಪಟ್ಟಿಯನ್ನೇ ಕೊಡ್ತಾರೆ. ಕುದುರೆ ಮನೆಯೊಳಕ್ಕೆ ಓಡ್ತಿರಬೇಕು, ಬಾಗಿಲ ಕಡೆಗಲ್ಲ. ಏಳೂ ಪೂರ್ತಿ ಕಾಣಬೇಕು. ಮುಖ್ಯವಾಗಿ ಲಗಾಮು ಇರಬಾರದು.

ಏಳು ಅನ್ನೋದು ಸೂರ್ಯನ ರಥದಿಂದ ಬಂದ ಸಂಖ್ಯೆ. ಪುರಾಣದ ಪ್ರಕಾರ ಆ ಏಳು ಕುದುರೆಗಳ ಹೆಸರು ಗಾಯತ್ರಿ, ಬೃಹತಿ, ಉಷ್ಣಿಕ್, ಜಗತಿ, ತ್ರಿಷ್ಟುಪ್, ಅನುಷ್ಟುಪ್, ಪಂಕ್ತಿ. ಅಂದರೆ ಏಳು ವೈದಿಕ ಛಂದಸ್ಸುಗಳು. ಸೂರ್ಯನನ್ನು ಆಕಾಶದಲ್ಲಿ ಎಳೆದುಕೊಂಡು ಹೋಗೋದು ಪದ್ಯದ ನಡಿಗೆ! ಇಷ್ಟು ಸೊಗಸಾದ ಕಲ್ಪನೆ ನಮ್ಮಲ್ಲಿರೋವಾಗ, ಮಾರುಕಟ್ಟೆಯ ಚಿತ್ರದಲ್ಲಿ ಸೂರ್ಯನೂ ಇಲ್ಲ, ರಥವೂ ಇಲ್ಲ, ಸಾರಥಿ ಅರುಣನೂ ಇಲ್ಲ. ಒಂದು ಬೀಚ್ ಇದೆ.

ನಂಬಿಕೆ ಇರೋರು ಹಾಕಿಕೊಳ್ಳಲಿ, ನನ್ನ ತಕರಾರಿಲ್ಲ. ನನ್ನ ತಕರಾರು ಗಾತ್ರದ್ದು. 11 ಅಡಿ ಗೋಡೆಗೆ 5 ಅಡಿಯ ಏಳು ಕುದುರೆ ಹಾಕಿದರೆ ಟಿವಿ ನೋಡೋರ ಮೇಲೆ ದಂಡೇ ನುಗ್ಗಿ ಬಂದ ಹಾಗಿರುತ್ತೆ. ಕುದುರೆ ಅನ್ನೋದು ಓಟದ ಪ್ರಾಣಿ, ಚಿತ್ರದಲ್ಲಿ ಅದರ ಮುಂದೆ ಖಾಲಿ ಜಾಗ ಬೇಕು. ಚಿಕ್ಕ ಮನೆಗೆ ಉದ್ದನೆಯ ತೆಳು ಪಟ್ಟಿಯಲ್ಲಿ ಸಾಲಾಗಿ ಹೋಗೋ ಕುದುರೆಗಳು ಹೆಚ್ಚು ಒಪ್ಪುತ್ತವೆ.

ಈ ಪಟ್ಟಿಯ ಯೋಚನೆ ಬಂದದ್ದು ಹಳೇಬೀಡಿನಲ್ಲಿ. ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ತಳದಲ್ಲಿ ಪಟ್ಟಿ ಪಟ್ಟಿಯಾಗಿ ಕೆತ್ತನೆ ಇದೆಯಲ್ಲ, ಕೆಳಗೆ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಅದರ ಮೇಲೆ ಕುದುರೆ ಸವಾರರು. ಎಲ್ಲರೂ ಆನೆ ನೋಡಿ ಮುಂದೆ ಹೋಗ್ತಾರೆ. ಸವಾರರ ಸಾಲನ್ನು ಸ್ವಲ್ಪ ನಿಂತು ನೋಡಿ. ಜೀನು, ಲಗಾಮು, ಕುದುರೆಯ ಕೊರಳ ಸರ, ಎಲ್ಲ ಬಿಡಿಬಿಡಿಯಾಗಿ ಎಣಿಸಬಹುದು. ಸಂಜೆಯ ಓರೆ ಬಿಸಿಲಿನಲ್ಲಿ ಮೊಬೈಲಿನಲ್ಲೇ ಏಳೆಂಟು ಫೋಟೋ ತೆಗೆದೆ, ಗೋಡೆಗೆ ಸಮಾನಾಂತರವಾಗಿ ಹೆಜ್ಜೆ ಹೆಜ್ಜೆ ಸರಿಯುತ್ತಾ. ಮನೆಗೆ ಬಂದು ಅವನ್ನು ಒಂದಕ್ಕೊಂದು ಜೋಡಿಸಿ, ಕಪ್ಪು ಬಿಳುಪು ಮಾಡಿ, ಕ್ಯಾನ್ವಾಸ್ ಮೇಲೆ ಪ್ರಿಂಟ್ ಹಾಕಿಸಿದೆ. ಎತ್ತರ ಒಂದು ಅಡಿ, ಉದ್ದ ಆರು ಅಡಿ. ಬೆಡ್‌ರೂಮುಗಳಿಗೆ ಹೋಗೋ ಇಕ್ಕಟ್ಟಿನ ಓಣಿಯಂಥ ಜಾಗದಲ್ಲಿ, ಕಣ್ಣಿನ ಎತ್ತರಕ್ಕೆ ಹಾಕಿದೆವು. ಅಲ್ಲಿ ಬೇರೇನೂ ಇಡೋಕೆ ಆಗ್ತಿರಲಿಲ್ಲ. ಈಗ ನಡೆದು ಹೋಗುವಾಗ ಕುದುರೆಗಳೂ ಜೊತೆಗೆ ನಡೆಯುತ್ತವೆ. ಇಡೀ ಮನೆಯಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಸಂತೋಷ ಕೊಟ್ಟ ವಸ್ತು ಇದೇ.

ಹಂಪಿಗೆ ಹೋಗೋರಿಗೂ ಇದೇ ಮಾತು. ಹಜಾರ ರಾಮ ದೇವಾಲಯದ ಆವರಣದ ಗೋಡೆಯ ಮೇಲೆ ಕುದುರೆಗಳ ಮೆರವಣಿಗೆ ಇದೆ, ಮಹಾನವಮಿ ದಿಬ್ಬದಲ್ಲಿ ಕುದುರೆ ವ್ಯಾಪಾರಿಗಳ ಕೆತ್ತನೆಯೂ ಇದೆ. ವಿಜಯನಗರದವರು ಅರಬ್ ಮತ್ತು ಪರ್ಷಿಯಾ ಕಡೆಯಿಂದ ಹಡಗಿನಲ್ಲಿ ಕುದುರೆ ತರಿಸುತ್ತಿದ್ದ ಕಾಲ ಅದು. ಫೋಟೋ ತೆಗೆಯೋದಕ್ಕೆ ಖರ್ಚಿಲ್ಲ, ಆನ್‌ಲೈನ್‌ನಲ್ಲಿ ಎಲ್ಲರ ಮನೆಗೂ ಬರೋ ಅದೇ ಪೋಸ್ಟರ್ ಯಾಕೆ?

ಮರದ್ದು, ಮಣ್ಣಿನದ್ದು

ಮಗನಿಗೆ ತೂಗು ಕುದುರೆ ಬೇಕೇ ಬೇಕು ಅಂತಾಯಿತು. ಮಾಲ್‌ನಲ್ಲಿ ಬಟನ್ ಒತ್ತಿದರೆ ಕೆನೆಯೋ ಪ್ಲಾಸ್ಟಿಕ್ ಕುದುರೆ ಇತ್ತು. ಅದು ಮನೆಗೆ ಬಂದರೆ ನಾನು ವರ್ಕ್ ಫ್ರಮ್ ಹೋಮ್ ಮಾಡೋದು ಹೇಗೆ ಅಂತ ಹೆದರಿ ಚನ್ನಪಟ್ಟಣಕ್ಕೆ ಹೋದೆವು. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್. ಚಿಕ್ಕವಳಿದ್ದಾಗ ಮೈಸೂರಿನಿಂದ ಬರುವಾಗ ಬಸ್ಸಿನ ಕಿಟಕಿಯಿಂದ ರಸ್ತೆಯುದ್ದಕ್ಕೂ ಬಣ್ಣಬಣ್ಣದ ಕುದುರೆಗಳು ಕಾಣೋವು. ಯಾವತ್ತೂ ಇಳಿದದ್ದಿಲ್ಲ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ ಮೇಲೆ ವಾಹನಗಳು ಊರಿನ ಹೊರಗಿಂದಲೇ ಹಾರಿ ಹೋಗ್ತವೆ, ಹಳೇ ರಸ್ತೆಯ ಅಂಗಡಿಗಳಿಗೆ ಬೇಕಂತಲೇ ಇಳಿದು ಹೋಗಬೇಕು. ದಯವಿಟ್ಟು ಇಳಿದು ಹೋಗಿ.

ಅಲ್ಲಿ ಲೇತ್ ಮೇಲೆ ಕೆಲಸ ಮಾಡೋದನ್ನು ನೋಡಿದ್ದು ನನಗೆ ಕಾಲೇಜಿನ ವರ್ಕ್‌ಶಾಪ್ ನೆನಪಿಸಿತು, ಒಂದೇ ವ್ಯತ್ಯಾಸ ಅಂದರೆ ಇವರಿಗೆ ಕೆಲಸ ಬರುತ್ತೆ. ಹಾಲೆ ಮರದ ತುಂಡನ್ನು ತಿರುಗಿಸಿ ಆಕಾರ ಕೊಡ್ತಾರೆ. ಬಣ್ಣ ಅಂದರೆ ಡಬ್ಬದ ಪೇಂಟ್ ಅಲ್ಲ, ಅರಗಿನ ಕಡ್ಡಿ. ತಿರುಗೋ ಮರಕ್ಕೆ ಅರಗನ್ನು ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೆ ಅದು ಕರಗಿ ಮರಕ್ಕೆ ಕೂರುತ್ತೆ. ಆಮೇಲೆ ಒಣಗಿದ ಗರಿಯಿಂದ ಒತ್ತಿ ಉಜ್ಜಿದರೆ ಕನ್ನಡಿ ಹೊಳಪು. ಬಿಸಿಗೆ ಕೂರೋ ಬಣ್ಣ ಬಿಸಿಗೇ ಏಳುತ್ತೆ ಅನ್ನೋದು ನೆನಪಿರಲಿ. ಇಂಥ ಗೊಂಬೆಯನ್ನು ಬಾಲ್ಕನಿಯ ಬಿಸಿಲಿಗೆ ಇಡಬೇಡಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ. ಒಣ ಮೆತ್ತನೆ ಬಟ್ಟೆ ಸಾಕು. ದೊಡ್ಡ ತೂಗು ಕುದುರೆಗಳಲ್ಲಿ ಎಲ್ಲವೂ ಅರಗಿನದ್ದೇ ಆಗಿರೋದಿಲ್ಲ, ಪೇಂಟ್ ಹಚ್ಚಿದವೂ ಇರ್ತವೆ, ಕೇಳಿ ತಗೊಳ್ಳಿ. ನಾವು ತಂದದ್ದು ಹಳದಿ ಕೆಂಪಿನದು. ನಮ್ಮ 'ಬೆಲ್ಲದ ಕಂದು' ಹಾಲ್‌ಗೆ ಅದು ಒಂದಿಷ್ಟೂ ಹೊಂದಲ್ಲ. ಆದರೂ ಹಾಲ್‌ನ ನಡುವೆಯೇ ಇದೆ, ಅದರ ಮಾಲೀಕ ಬೇರೆ ಕಡೆ ಇಡೋಕೆ ಬಿಟ್ಟರೆ ತಾನೇ.

ಕೊಪ್ಪಳ ಜಿಲ್ಲೆಯ ಕಿನ್ನಾಳದ ಕುದುರೆಗಳು ಇದಕ್ಕೆ ಪೂರ್ತಿ ಬೇರೆ. ಹಗುರ ಮರ, ಮೇಲೆ ಹುಣಸೆ ಬೀಜದ ಅಂಟಿನ ಲೇಪ, ಅದರ ಮೇಲೆ ಆಭರಣದಂತೆ ಉಬ್ಬು ಕೆಲಸ. ಹಬ್ಬದ ಕಳೆ ಇರುತ್ತೆ, ದೇವರ ಕೋಣೆಯ ಹತ್ತಿರ ಚೆನ್ನ. ನಾವಿನ್ನೂ ತಂದಿಲ್ಲ, ಮುಂದಿನ ಬೋನಸ್‌ಗೆ.

ಮಣ್ಣಿನ ಜೋಡಿ ಸಿಕ್ಕಿದ್ದು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಒಂದು ಮೇಳದಲ್ಲಿ. ಪಶ್ಚಿಮ ಬಂಗಾಳದ ಬಾಂಕುರಾ ಕುದುರೆ. ನೆಟ್ಟಗೆ ನಿಂತ ಉದ್ದ ಕತ್ತು, ಎಲೆಯಂತೆ ನಿಮಿರಿದ ಕಿವಿ. ಅಖಿಲ ಭಾರತ ಕರಕುಶಲ ಮಂಡಳಿಯ ಲಾಂಛನವಾಗಿದ್ದರಿಂದ ಎಲ್ಲೋ ನೋಡಿದ್ದೀವಿ ಅನ್ನಿಸುತ್ತೆ. ಬಾಂಕುರಾ ಜಿಲ್ಲೆಯ ಪಾಂಚಮುಡಾ ಎಂಬ ಹಳ್ಳಿಯ ಕುಂಬಾರರು ಇದನ್ನು ಮಾಡ್ತಾರೆ. ಮೈ, ಕತ್ತು, ಕಾಲು ಎಲ್ಲ ತಿಗರಿಯ ಮೇಲೆ ಬೇರೆ ಬೇರೆಯಾಗಿ, ಟೊಳ್ಳಾಗಿ ಮಾಡಿ ಆಮೇಲೆ ಜೋಡಿಸೋದು. ಆವಿಗೆಯ ಹೊಗೆಯನ್ನು ಹೊರಬಿಟ್ಟರೆ ಕೆಂಪು ಕುದುರೆ, ಒಳಗೇ ತಡೆದರೆ ಕಪ್ಪು ಕುದುರೆ. ಅಲ್ಲಿ ಇದು ಮೊದಲಿಗೆ ಅಲಂಕಾರದ ವಸ್ತುವೇ ಅಲ್ಲ, ಊರ ದೇವರಿಗೆ ಕೊಡೋ ಹರಕೆ. ತಮಿಳುನಾಡಿನಲ್ಲಿ ಅಯ್ಯನಾರ್ ಗುಡಿ ಮುಂದೆ ಆಳೆತ್ತರದ ಮಣ್ಣಿನ ಕುದುರೆಗಳನ್ನು ನಿಲ್ಲಿಸ್ತಾರಲ್ಲ, ಹಾಗೆ.

ಕಿವಿ ಮತ್ತು ಬಾಲ ಬಿಚ್ಚಿ ಸಿಕ್ಕಿಸೋ ಹಾಗಿರ್ತವೆ. ಇದು ಗೊತ್ತಿಲ್ಲದೆ ನನ್ನ ಗಂಡ ಕಾರಿನಲ್ಲಿ ಒಂದು ಕಿವಿ ಕೈಗೆ ಬಂದಾಗ, ಮುರಿದೇ ಹಾಕಿದೆ ಅಂತ ಬೆವೆತುಹೋಗಿದ್ದರು. ಸಾಗಿಸುವಾಗ ಬಿಚ್ಚಿ ಬೇರೆ ಸುತ್ತಿಕೊಳ್ಳಿ. ಒಂದು ಅಡಿಯ ಜೋಡಿ ಟಿವಿ ಕಟ್ಟೆಯ ಒಂದೇ ಪಕ್ಕಕ್ಕೆ ಇರಲಿ. ಎರಡು ಪಕ್ಕ ದ್ವಾರಪಾಲಕರ ಹಾಗೆ ನಿಲ್ಲಿಸಿದರೆ ಹೋಟೆಲ್ ಲಾಬಿ ಆಗಿಬಿಡುತ್ತೆ. ದೂಳು ತೆಗೆಯೋಕೆ ಹಳೇ ಪೇಂಟ್ ಬ್ರಷ್ ಸಾಕು.

ಅಟ್ಟದಿಂದ ಇಳಿದದ್ದು

ಇಷ್ಟೆಲ್ಲ ಆದರೂ ಬಾಗಿಲು ತೆಗೆದ ಕೂಡಲೇ ಎದುರಾಗೋ ಗೋಡೆ ಖಾಲಿ ಇತ್ತು. ನಾನು ಬೇಕಂತಲೇ ಖಾಲಿ ಬಿಟ್ಟಿದ್ದೆ.

ದೀಪಾವಳಿಗೆ ಮೈಸೂರಿಗೆ ಹೋದಾಗ, ಅಪ್ಪ ಸಂಜೆ ವಾಕಿಂಗ್ ಹೋದ ಹೊತ್ತಿಗೆ ಏಣಿ ಹಾಕಿ ಅಟ್ಟ ಹತ್ತಿದೆ. ಕಳ್ಳತನವೇ ಅನ್ನಿ. ಮೂಟೆ ಬಿಚ್ಚಿದಾಗ ಮೊದಲು ಬಂದದ್ದು ವಾಸನೆ. ಹಳೇ ಚರ್ಮ, ಎಣ್ಣೆ, ಇನ್ನೂ ಏನೋ. ಒಳಗೆ ಇದ್ದದ್ದು: ಕುದುರೆ ಮುಖಕ್ಕೆ ಕಟ್ಟೋ ಪಟ್ಟಿಗಳು, ಕಣ್ಣಿನ ಪಕ್ಕ ಮರೆಗೆ ಬರೋ ಎರಡು ಚರ್ಮದ ಚೌಕ, ಕಡಿವಾಣ, ಸವೆದ ಎರಡು ಲಾಳ, ಗೆಜ್ಜೆಯ ಕೊರಳಪಟ್ಟಿ, ಗಾಡಿಯ ಹಿತ್ತಾಳೆ ದೀಪ ಒಂದು, ತಾತ ಅಂಗಿಗೆ ಚುಚ್ಚಿಕೊಳ್ಳುತ್ತಿದ್ದ ನಂಬರ್ ಬಿಲ್ಲೆ, ಒಂದು ಚಾವಟಿ. ಬಿಲ್ಲೆಯ ನಂಬರ್ ಸವೆದು ಕೊನೆಯ 7 ಮಾತ್ರ ಓದೋಕಾಗ್ತಿತ್ತು.

ಕೆಳಗಿಳಿಯೋಷ್ಟರಲ್ಲಿ ಅಪ್ಪ ವಾಪಸ್ ಬಂದಿದ್ದರು. ಬೈತಾರೆ ಅಂದುಕೊಂಡೆ. ಬೈಲಿಲ್ಲ. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು ಬಂದು, ನನ್ನ ಮುಂದೆ ನೆಲದ ಮೇಲೆ ಕೂತರು. ಬಾಲ್ಯದಲ್ಲಿ ಸ್ಕೂಲಿಗೆ ಹೋಗೋ ಮುಂಚೆ ಲದ್ದಿ ಎತ್ತಬೇಕಿತ್ತು, ಲಾಯಕ್ಕೂ ಮನೆಗೂ ನಡುವೆ ಒಂದು ತಡಿಕೆ ಮಾತ್ರ ಇತ್ತು, ಎಷ್ಟು ಸೋಪು ಹಾಕಿದರೂ ಕ್ಲಾಸಿನಲ್ಲಿ ಪಕ್ಕದ ಹುಡುಗ ಮೂಗು ಮುಚ್ಚಿಕೊಳ್ಳುತ್ತಿದ್ದ, ಇಷ್ಟನ್ನು ಯಾವುದೋ ಬ್ಯಾಂಕಿನ ಲೆಕ್ಕ ಒಪ್ಪಿಸೋ ಹಾಗೆ ಹೇಳಿದರು. ಅಪ್ಪ ಬ್ಯಾಂಕಿನಲ್ಲಿ ಗುಮಾಸ್ತರಾಗಿ ಸೇರಿ ಮ್ಯಾನೇಜರ್ ಆಗಿ ನಿವೃತ್ತರಾದವರು. ನಮ್ಮ ಮನೇಲಿ ಯಾವತ್ತೂ ಹುರುಳಿ ಸಾರು ಮಾಡ್ತಿರಲಿಲ್ಲ. ಅಪ್ಪನಿಗೆ ಉಷ್ಣ ಆಗಲ್ಲ ಅಂತ ಅಮ್ಮ ಹೇಳ್ತಿದ್ದರು. ಕಾರಣ ಉಷ್ಣ ಅಲ್ಲ ಅಂತ ಆವತ್ತು ಗೊತ್ತಾಯಿತು. ಕುದುರೆಗೆ ದಿನಾ ಹುರುಳಿ ಬೇಯಿಸುತ್ತಿದ್ದದ್ದು ಮನೆಯ ಅದೇ ಒಲೆಯಲ್ಲಿ. ವ್ಯಾಪಾರ ಇಲ್ಲದ ದಿನ ಕುದುರೆಗೆ ಹಾಕಿ ಉಳಿದದ್ದೇ ಮನೆಯವರಿಗೆ. ಓದಿದವರಿಗೆ ಜಟಕಾ ಅಂದರೆ ಡಿವಿಜಿಯವರ ಕಗ್ಗ ನೆನಪಾಗುತ್ತೆ. ನಮ್ಮಪ್ಪನಿಗೆ ಆ ಹುರುಳಿ ನೆನಪಾಗುತ್ತೆ.

"ಇದನ್ನ ನೋಡಿ ಬಂದವರು ಏನಂತ ಕೇಳ್ತಾರೆ? ಎಷ್ಟಕ್ಕೆ ತಗೊಂಡ್ರಿ ಅಂತ ಕೇಳ್ತಾರೆ."

"ಕೇಳಿದರೆ ತಾತನದು ಅಂತೀನಿ ಅಪ್ಪ."

"ನೀನು ಅಂತೀಯ."

ಆ ರಾತ್ರಿ ಅಷ್ಟಕ್ಕೇ ನಿಂತಿತು. ಬೆಳಿಗ್ಗೆ ನೋಡಿದರೆ ಮೂಟೆ ಕಾರಿನ ಡಿಕ್ಕಿಯ ಪಕ್ಕ ಇತ್ತು. ಚಾವಟಿ ಮಾತ್ರ ಅದರೊಳಗೆ ಇರಲಿಲ್ಲ. ನಾನೂ ಕೇಳಲಿಲ್ಲ.

ಹಳೇ ಚರ್ಮದ ಸಾಮಾನು ನಿಮ್ಮ ಮನೆಯಲ್ಲೂ ಇದ್ದರೆ, ಅದು ಜೀನಾಗಲಿ, ಎತ್ತಿನ ಕೊರಳಪಟ್ಟಿಯಾಗಲಿ, ನಾನು ಕಲಿತದ್ದನ್ನು ಹೇಳಿಬಿಡ್ತೀನಿ. ಮೊದಲು ಮನೆಯ ಹೊರಗೆ, ನೆರಳಿನಲ್ಲಿ, ಒಣ ಬ್ರಷ್‌ನಿಂದ ಬೂಷ್ಟು ಉದುರಿಸಿ. ಮುಖಕ್ಕೆ ಮಾಸ್ಕ್ ಇರಲಿ. ಆಮೇಲೆ ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ನೀರಿನಲ್ಲಿ ಮಾತ್ರ ಅದ್ದಬೇಡಿ. ಬಿಸಿಲಿಗೆ ಒಣಗಿಸಿದರೆ ಬಿರುಕು ಬಿಡುತ್ತೆ, ಫ್ಯಾನ್ ಗಾಳಿ ಸಾಕು. ಪೂರ್ತಿ ಒಣಗಿದ ಮೇಲೆ ಎಣ್ಣೆ, ಅದೂ ಬೆರಳ ತುದಿಯಷ್ಟೇ ತಗೊಂಡು ತಿಕ್ಕೋದು. ಹೆಚ್ಚಾದರೆ ಗೋಡೆಗೆ ಕಲೆ, ದೂಳಿಗೆ ಹಬ್ಬ. ಹಿತ್ತಾಳೆ ಬಕಲ್ ಚರ್ಮಕ್ಕೆ ತಾಗೋ ಕಡೆ ಹಸಿರು ಕಿಲುಬು ಕಟ್ಟಿರುತ್ತೆ, ಅದನ್ನು ಒಣ ಬಟ್ಟೆಯಿಂದ ಉಜ್ಜಿ ತೆಗೆಯಿರಿ. ಹುಣಸೆಹಣ್ಣು ಹಾಕಿ ಫಳಫಳ ಮಾಡೋ ಆಸೆ ನನಗೂ ಆಯಿತು. ದೀಪದ ಒಂದು ಮೂಲೆಗೆ ಹಾಕಿ ನೋಡಿದೆ, ಹೊಸ ಅಂಗಡಿ ಸಾಮಾನಿನ ಹಾಗೆ ಕಾಣಿಸಿತು, ಅಲ್ಲಿಗೇ ಬಿಟ್ಟೆ. ಆ ಮೂಲೆ ಈಗಲೂ ಬೇರೆಯಾಗಿ ಕಾಣುತ್ತೆ.

ಗೋಡೆಯ ವಿಷಯ. ಮೊಳೆ ಹೊಡೆಯೋ ಮುಂಚೆ ಬೆರಳಿನಿಂದ ತಟ್ಟಿ ನೋಡಿ. ಡಬ್ಬದ ಸದ್ದು ಬಂದರೆ ಅದು ಜಿಪ್ಸಂ ಪಾರ್ಟಿಷನ್, ಕಬ್ಬಿಣದ ಕಡಿವಾಣದ ಭಾರಕ್ಕೆ ಅದರಲ್ಲಿ ಮಾಮೂಲಿ ಸ್ಕ್ರೂ ನಿಲ್ಲಲ್ಲ. ನಾವು ಹೊರಗೋಡೆ ಬಿಟ್ಟು ಒಳಗಿನ ಗಟ್ಟಿ ಗೋಡೆ ಆರಿಸಿಕೊಂಡೆವು, ಹೊರಗೋಡೆ ಮಳೆಗಾಲದಲ್ಲಿ ತಂಪು ಹಿಡಿಯುತ್ತೆ. ಮರದ ಹಲಗೆಯೊಂದಕ್ಕೆ ಗೂಟ ಹೊಡೆಸಿ, ಹಲಗೆಗೂ ಗೋಡೆಗೂ ನಡುವೆ ಅರ್ಧ ಇಂಚು ಗಾಳಿಯಾಡೋಕೆ ಜಾಗ ಬಿಟ್ಟೆವು. ದೇವರ ಕೋಣೆಯ ಗೋಡೆಗೆ ಚರ್ಮದ ಪದಾರ್ಥ ಬೇಡ ಅಂತ ಅಮ್ಮ ಫೋನಿನಲ್ಲಿ ಮೂರು ಸಲ ಹೇಳಿದ್ದರಿಂದ ಅದನ್ನೂ ಲೆಕ್ಕಕ್ಕೆ ತಗೊಂಡಿದ್ದಾಯಿತು. ದೀಪಕ್ಕೆ ರಂಧ್ರ ಕೊರೆಯಲಿಲ್ಲ, ಬೆಸುಗೆ ಹಾಕಲಿಲ್ಲ. ಒಳಗೆ ಬ್ಯಾಟರಿಯ ಸಣ್ಣ ಎಲ್‌ಇಡಿ, ಹಳದಿ ಬೆಳಕಿನದು, ಬೇಕಾದಾಗ ಹೊರತೆಗೆಯಬಹುದು. ಲಾಳಗಳಲ್ಲಿ ಒಂದನ್ನು ಹೊಸ್ತಿಲಿಗೆ ಹೊಡೆಸೋಣ ಅಂತ ನನ್ನ ಗಂಡ ಅಂದರು. ಅದೃಷ್ಟಕ್ಕೆ ತುದಿ ಮೇಲಕ್ಕಿರಬೇಕಾ ಕೆಳಕ್ಕಿರಬೇಕಾ ಅಂತ ಇಬ್ಬರೂ ಅರ್ಧ ಗಂಟೆ ಹುಡುಕಿ, ಎರಡಕ್ಕೂ ಅಷ್ಟೇ ಜನ ಇದ್ದದ್ದು ನೋಡಿ, ಹಲಗೆಯ ಮೇಲೇ ಇಟ್ಟೆವು.

ಒಟ್ಟು ಖರ್ಚು ಹಲಗೆ, ಬಡಗಿ ಕೂಲಿ, ಎಲ್‌ಇಡಿ ಸೇರಿ 3,200 ರೂಪಾಯಿ. ಆ 18,500ರ ಸಾಲನ್ನು ಎಕ್ಸೆಲ್ ಶೀಟಿನಿಂದ ಅಳಿಸಿದೆ.

ಗೃಹಪ್ರವೇಶಕ್ಕೆ ಅಪ್ಪ ಹಿಂದಿನ ದಿನವೇ ಬಂದರು. ಬಾಗಿಲಲ್ಲಿ ನಿಂತು ಗೋಡೆ ನೋಡಿದರು, ಏನೂ ಅನ್ನಲಿಲ್ಲ, ಒಳಗೆ ಹೋಗಿ ಅಡುಗೆಮನೆ ನಲ್ಲಿ ತಿರುಗಿಸಿ ನೀರು ಹೇಗೆ ಬರುತ್ತೆ ನೋಡಿದರು. ರಾತ್ರಿ ಎಲ್ಲರೂ ಮಲಗಿದ ಮೇಲೆ ಹಾಲ್‌ನಲ್ಲಿ ಗೆಜ್ಜೆ ಸದ್ದಾಯಿತು. ಮಗ ಎದ್ದನೇನೋ ಅಂತ ಬಂದು ನೋಡಿದರೆ ಅಪ್ಪ ಸ್ಟೂಲ್ ಹಾಕಿಕೊಂಡು ಮುಖಪಟ್ಟಿಯನ್ನು ಗೂಟದಿಂದ ಬಿಚ್ಚುತ್ತಿದ್ದರು. ತೆಗೆದು ಒಳಗಿಡ್ತಾರೆ ಅಂದುಕೊಂಡೆ.

"ತಲೆಕೆಳಗು ಕಟ್ಟಿದ್ದೀಯ. ಈ ಪಟ್ಟಿ ಕಿವಿ ಹಿಂದೆ ಬರಬೇಕು, ಇದು ಗಂಟಲ ಕೆಳಗೆ." ಕೈ ತಾನಾಗೇ ಬಕಲ್ ಹುಡುಕಿಕೊಂಡಿತು. "ಮೂರನೇ ತೂತು. ಸಿಂಗಾರಿ ಮುಖ ಸಣ್ಣ. ಎರಡನೇದಕ್ಕೆ ಹಾಕಿದರೆ ಜಾರೋದು, ಅಪ್ಪ ಬೈಯೋರು."

ಕುದುರೆಗೆ ಸಿಂಗಾರಿ ಅಂತ ಹೆಸರಿತ್ತು ಅನ್ನೋದು ನನಗೆ ಮೂವತ್ತು ವರ್ಷಕ್ಕೆ ಗೊತ್ತಾಯಿತು.

ಮಾರನೇ ದಿನ ಊಟದ ಹೊತ್ತಿಗೆ ಎದುರು ಫ್ಲಾಟಿನವರು ಬಂದರು. ನಿರೀಕ್ಷೆಯಂತೆ ಗೋಡೆ ಮುಂದೆ ನಿಂತು, "ತುಂಬಾ ಚೆನ್ನಾಗಿದೆ, ಎಲ್ಲಿ ತಗೊಂಡ್ರಿ?" ಅಂದರು. ನಾನು ಪಾಯಸದ ಪಾತ್ರೆ ಹಿಡಿದು ದೂರ ಇದ್ದೆ. ಬಾಯಿ ತೆರೆಯೋಷ್ಟರಲ್ಲಿ ಅಪ್ಪನ ಧ್ವನಿ ಕೇಳಿಸಿತು.

"ತಗೊಂಡಿದ್ದಲ್ಲ ಸಾರ್. ನಮ್ಮ ತಂದೆಯವರದು. ಮೈಸೂರಲ್ಲಿ ಜಟಕಾ ಓಡಿಸ್ತಿದ್ರು."

ಆಮೇಲೆ ನನ್ನ ಕಡೆ ತಿರುಗಿ, ಈ ಚರ್ಮಕ್ಕೆ ಅಂಗಡಿ ಪಾಲಿಷ್ ಹಾಕಬೇಡ, ತಿಂಗಳಿಗೊಂದು ಸಲ ಹರಳೆಣ್ಣೆ ತಿಕ್ಕು, ಬಾಟಲಿ ನಾನೇ ಮೈಸೂರಿಂದ ಕಳಿಸ್ತೀನಿ ಅಂದರು.